ಬಿತ್ತನೆ ರಾಗಿಯ ಗಡಿಗೆ

ನಮ್ಮ ಮನೆಗೆ ಸೂರು ಕಟ್ಟಿಕೊಡಲು ಬಂದವರಿಗೆ ನಾನು ಮೊದಲು ಕೊಟ್ಟದ್ದು ಬೈಗುಳ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಹೇಳಲು ಬರುವುದಿಲ್ಲ. ಆಗ ನನಗೆ ಇಪ್ಪತ್ತೆರಡು ವರ್ಷ. ಏಳು ತುಂಬಿ ಎಂಟಕ್ಕೆ ಬಿದ್ದ ಬಸುರಿ, ಮೂಗಿನ ತುದಿಯಲ್ಲೇ ಕೋಪ. ಈಗ ವಯಸ್ಸಾಗಿದೆ, ಕೋಪ ಮಾತ್ರ ಇಳಿದಿಲ್ಲ ಎಂದು ಮಗಳು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಬಿಡಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ತಿಪಟೂರಿನಿಂದ ಚಿಕ್ಕನಾಯಕನಹಳ್ಳಿ ಕಡೆಗೆ ಬಸ್ಸು ಹಿಡಿದರೆ, ಇಳಿದು ಅರ್ಧ ಗಂಟೆ ನಡೆಯಬೇಕಾದ ಹಳ್ಳಿ. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ, ಎರಡು ಹಸು. ಮನೆಯಲ್ಲಿ ಮೂರೇ ಜನ: ನಾನು, ನಮ್ಮ ಮನೆಯವರು, ನಮ್ಮತ್ತೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯವರು ಮಾತಿಗೆ ಬಲು ಕಂಜೂಸು. ಅವರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ.

ಮೊದಲ ಹೆರಿಗೆ ತವರಲ್ಲಿ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ನನಗೆ ತವರೆಂದರೆ ತುರುವೇಕೆರೆಯಲ್ಲಿದ್ದ ಅಪ್ಪ ಒಬ್ಬರೇ. ಅವ್ವ ನನ್ನ ಮದುವೆಗೆ ಎರಡು ವರ್ಷ ಮುಂಚೆ ಹೋಗಿಬಿಟ್ಟಿದ್ದಳು. ಅಪ್ಪ ಒಬ್ಬ ಗಂಡಸು, ಬಾಣಂತನ ಮಾಡುವುದು ಹೇಗೆ? ಇದನ್ನೇ ನೆನೆದು ನಾನು ಒಂದು ದಿನ ಹಿತ್ತಲಲ್ಲಿ ಅಳುತ್ತಾ ಕೂತಿದ್ದಾಗ ಅತ್ತೆ ನೋಡಿದರು. ಏನೂ ಕೇಳಲಿಲ್ಲ. ಮಾರನೆಯ ದಿನ ನಡುಮನೆಯ ಪಕ್ಕದ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಮೂಲೆಯಲ್ಲಿ ಅಗ್ಗಿಷ್ಟಿಕೆ ಇಟ್ಟರು. ಆಮೇಲೆ ನನ್ನನ್ನು ಕರೆದು, 'ನಿಂಗೆ ಅವ್ವ ಇಲ್ದಿದ್ರೆ ಏನಾತು? ನಿನ್ ಬಾಣಂತನ ಇದೇ ಕೋಣೇಲಿ, ನನ್ ಕೈಯಾಗೆ' ಎಂದರು. ಅವತ್ತಿನಿಂದ ದಿನಕ್ಕೊಂದು ಸಲ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುವುದು ನನಗೆ ಅಭ್ಯಾಸವಾಯಿತು.

ಆ ವರ್ಷ ಅಟ್ಟವೂ ತುಂಬಿತ್ತು. ನಮ್ಮ ಸೀಮೆಯ ಗಿಟುಕು ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆಯೊಳಗೇ ವರ್ಷದ ಹತ್ತಿರ ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ತಾನಾಗಿ ಹಿಂಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನಮ್ಮ ಕಾಯಿಗೆ ಒಂಬತ್ತು ತಿಂಗಳಾಗಿತ್ತು. 'ಅಟ್ಟದ ಮೇಲೂ ಬಸುರಿ, ನೆಲದ ಮೇಲೂ ಬಸುರಿ. ಯಾವ್ದು ಮೊದ್ಲು ಆಯ್ತದೋ' ಎಂದು ಅತ್ತೆ ನನ್ನನ್ನು ರೇಗಿಸುತ್ತಿದ್ದರು.

ಕೃತ್ತಿಕೆ ಮಳೆ ಕಾಲದ ಒಂದು ಮಧ್ಯಾಹ್ನ. ಅತ್ತೆ ಅಂಗಳದಲ್ಲಿ ಪಂಚೆ ಹಾಸಿ ಸಂಡಿಗೆ ಒಣಹಾಕಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗಿ ಎದ್ದಿತು. ಸಂಡಿಗೆ ಬಾಚಿಕೊಂಡು ಒಳಗೆ ಹೋಗುವುದು ಬಿಟ್ಟು ಅತ್ತೆ ಕೊಟ್ಟಿಗೆ ಕಡೆ ಓಡಿದರು. ಗಾಳಿ ಬಂದರೆ ದನ ಹಗ್ಗಕ್ಕೆ ಸಿಕ್ಕಿಕೊಂಡು ಸಾಯುತ್ತವೆ ಎಂಬುದು ಅವರ ಭಯ. ಹಸುಗಳ ಹಗ್ಗ ಬಿಚ್ಚಲು ಬಾ ಎಂದು ನನ್ನನ್ನೂ ಕೂಗಿದರು. ಬಸುರಿಗೆ ಈ ಕೆಲಸ ಬೇರೆ ಎಂದು ಗೊಣಗುತ್ತಾ ನಾನು ಹೋದೆ. ಗೊಣಗಿಕೊಂಡಾದರೂ ಹೋಗದೆ ಮನೆಯೊಳಗೆ ಕೂತಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಗಾಳಿ ಬಂದದ್ದು ಅರ್ಧ ಗಂಟೆಯೂ ಇಲ್ಲ. ಆಲಿಕಲ್ಲು ಕೊಟ್ಟಿಗೆಯ ಮೇಲೆ ಕಲ್ಲು ಸುರಿದ ಹಾಗೆ ಬಿತ್ತು. ಮನೆಯ ಮುಂದಿನ ಎರಡು ತೆಂಗಿನಮರ, ಮಾವನ ಅಪ್ಪ ನೆಟ್ಟವು, ಬುಡ ಸಮೇತ ಎದ್ದು ಒಂದರ ಹಿಂದೆ ಒಂದು ಮನೆಯ ಮೇಲೆ ಒರಗಿದವು. ಅಟ್ಟ ಕುಸಿಯಿತು, ಕಾಯಿಗಳು ದಡದಡ ಉರುಳಿ ನಡುಮನೆ ತುಂಬಿದವು. ಸುಣ್ಣ ಬಳಿದ ಕೋಣೆಯ ಮೇಲೆ ಆಕಾಶ ಕಾಣುತ್ತಿತ್ತು. ತೋಟಕ್ಕೆ ಹೋಗಿದ್ದ ನಮ್ಮ ಮನೆಯವರು ಓಡಿಬಂದು, ನಮ್ಮಿಬ್ಬರನ್ನೂ ಹಸುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಅಲ್ಲೇ ಕೆಸರಲ್ಲಿ ಕೂತುಬಿಟ್ಟರು.

ಊರಲ್ಲಿ ನೆಟ್ಟಗೆ ಉಳಿದ ಮನೆ ಕೆಲವೇ. ಅವುಗಳಲ್ಲಿ ಮುದುಕರು, ಕೈಗೂಸುಗಳು ತುಂಬಿಹೋದರು; ಶಾಲೆಯ ಒಂದೇ ಕೋಣೆಯಲ್ಲಿ ಐದು ಸಂಸಾರ. ನಾವು ಕೊಟ್ಟಿಗೆಯಲ್ಲಿ ಬಿಡಾರ ಹೂಡಿದೆವು. ಮುರಿದ ಮನೆಯಿಂದ ಅತ್ತೆ ಹುಡುಕಿ ತೆಗೆದದ್ದು ನಾಲ್ಕು ಪಾತ್ರೆ, ಬೀಸುಕಲ್ಲು, ಮತ್ತೆ ಒಂದು ಮಣ್ಣಿನ ಗಡಿಗೆ. ತಿನ್ನುವ ರಾಗಿ ತುಂಬಿದ್ದ ದೊಡ್ಡ ವಾಡೆಯ ಮೇಲೆ ಗೋಡೆ ಬಿದ್ದು ರಾಗಿ ಕೆಸರು ಪಾಲಾಗಿತ್ತು. ತೊಳೆದು ಒಣಗಿಸಿದರೂ ಮುಗ್ಗಲು ವಾಸನೆ; ನಾವು ಹೇಗೋ ತಿಂದೆವು, ಬಂದವರಿಗೆ ಇಕ್ಕುವಂತಿರಲಿಲ್ಲ. ಗಡಿಗೆಯಲ್ಲಿದ್ದದ್ದು ಮುಂದಿನ ಬಿತ್ತನೆಗೆಂದು ತೆಗೆದಿಟ್ಟ ರಾಗಿ. ಬೂದಿ, ಬೇವಿನಸೊಪ್ಪು ಬೆರೆಸಿ, ಬಾಯಿಗೆ ಸಗಣಿಯ ಬಿಲ್ಲೆ ಮೆತ್ತಿ ಮುಚ್ಚಿದ್ದು ಹಾಗೇ ಇತ್ತು. ಅತ್ತೆ ಅದನ್ನು ಕೊಟ್ಟಿಗೆಯ ಒಳಮೂಲೆಯಲ್ಲಿ ಇಟ್ಟು ಗೋಣಿಚೀಲ ಹೊದಿಸಿದರು.

ಹೆರಿಗೆಗೆ ತಿಪಟೂರಿನ ಆಸ್ಪತ್ರೆ ಇತ್ತು, ನಿಜ. ಹೆತ್ತ ಮೇಲೆ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಬರುವುದು? ಕೊಟ್ಟಿಗೆಯ ಸೂರೂ ಜರಡಿಯಾಗಿತ್ತು. ಇನ್ನೊಂದು ತಿಂಗಳಿಗೆ ಮುಂಗಾರು ಕೂರುತ್ತದೆ. ಗಾರೆಯವರು, ಬಡಗಿಗಳು ಯಾರನ್ನು ಕರೆದರೂ ಅವರ ಮನೆಯೇ ಬಿದ್ದಿತ್ತು. ನಮ್ಮ ಮನೆಯವರೊಬ್ಬರೇ ಬೆಳಗಿನಿಂದ ಸಂಜೆತನಕ ಹೆಂಚಿನ ಚೂರು ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದರು. ನಾನು ಕೊಟ್ಟಿಗೆಯಲ್ಲಿ ಕೂತು ದಿನ ಎಣಿಸುತ್ತಿದ್ದೆ.

ಎಂಟನೆಯ ದಿನ ಒಂಬತ್ತು ಜನ ಬಂದರು. ಹೆಗಲ ಮೇಲೆ ಕೊಡಲಿ, ಗರಗಸ, ಹಗ್ಗ. ಒಬ್ಬೊಬ್ಬರ ಕೈಯಲ್ಲೂ ಬಟ್ಟೆಯ ಗಂಟು. ನನಗೆ ಮೊದಲು ಅನ್ನಿಸಿದ್ದು, ಬಿದ್ದ ಮರ ಹೊತ್ತುಕೊಂಡು ಹೋಗಲು ಬಂದಿದ್ದಾರೆ ಎಂದು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಯಾವ ಊರಲ್ಲಿ ಇಲ್ಲ? 'ಮರ ಮಾರಕ್ಕಿಲ್ಲ, ಬಂದ ದಾರಿ ಹಿಡೀರಿ' ಎಂದು ದೂರದಿಂದಲೇ ಗದರಿದೆ. ಮುಂದೆ ಇದ್ದವರು ಐವತ್ತರ ಆಸುಪಾಸಿನ ಒಬ್ಬ ಬಡಗಿ ಮೇಸ್ತ್ರಿ, ಕಿವಿಯ ಮೇಲೆ ಸೀಸದಕಡ್ಡಿ ಸಿಕ್ಕಿಸಿಕೊಂಡಿದ್ದರು. ಅವರು ನನ್ನ ಹೊಟ್ಟೆ ನೋಡಿದರು, ಮನೆ ನೋಡಿದರು. ದಬ್ಬೇಘಟ್ಟದ ಕಡೆಯ ಹಳ್ಳಿಯವರು ತಾವು, ಗಾಳಿ ಸುದ್ದಿ ಬಸ್ಸಿನವರಿಂದ ತಿಳಿಯಿತು, ಯಾರ ಮನೆಗೆ ಸೂರು ಮೊದಲು ಬೇಕು ಅಂತ ಊರಲ್ಲಿ ಕೇಳಿದರೆ ಎಲ್ಲರೂ ಈ ಮನೆಯನ್ನೇ ತೋರಿಸಿದರು ಎಂದರು. ಕೂಲಿ ಇಲ್ಲ, ಏನೂ ಇಲ್ಲ, ಹೊದಿಸಿಕೊಟ್ಟು ಹೋಗುತ್ತೇವೆ ಎಂದರು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಅವರ ಕೆಲಸ ನೋಡಬೇಕಿತ್ತು. ಮೊದಲು ನಡುಮನೆಯ ಕಾಯಿಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ, ಒಡಕು ಬಂದದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಬಿಸಿಲಿಗೆ ಹರಡಿದರು. ಒಂದನ್ನೂ ಎಸೆಯಲಿಲ್ಲ, ಒಂಬತ್ತು ತಿಂಗಳ ಕಾಯಿ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಮನೆಯ ಮೇಲೆ ಒರಗಿದ್ದ ಮರಗಳನ್ನು ಕತ್ತರಿಸಿ ಇಳಿಸಿದರು. ಮೇಸ್ತ್ರಿ ಬೆಣೆ ಹೊಡೆದು ಕಾಂಡ ಸೀಳಿ, ಮೆತ್ತನೆಯ ತಿರುಳು ಕೆತ್ತಿ ತೆಗೆದು, ಹೊರಗಿನ ಗಟ್ಟಿ ಭಾಗವನ್ನು ತೊಲೆಗೆ, ಜಂತಿಗೆ ಎಂದು ಗುರುತು ಹಾಕಿದರು. ಮನೆ ಮುರಿದ ಮರವೇ ಮನೆ ಹೊರಲಿ ಎಂದು ಅತ್ತೆಗೆ ಹೇಳಿದರು. ಅತ್ತೆ ಎಂಟು ದಿನದ ಮೇಲೆ ಮೊದಲ ಸಲ ನಕ್ಕರು.

ಮಧ್ಯಾಹ್ನವಾಯಿತು. ತೋಟದಲ್ಲಿ ಬಿದ್ದ ಮರಗಳ ಎಳನೀರು ನೆಲದ ತುಂಬಾ ಬಿದ್ದಿತ್ತು. ನಮ್ಮ ಮನೆಯವರು ಒಂಬತ್ತು ಕಾಯಿ ಕೆತ್ತಿ ತಂದರು. ಯಾರೂ ಮುಟ್ಟಲಿಲ್ಲ. ಬಾವಿಯ ನೀರು ಸೇದಿ ಕುಡಿದರು. ಅತ್ತೆ ಊಟಕ್ಕೆ ಕರೆದರು. ಬೇಡ ತಾಯಿ, ತಂದಿದ್ದೇವೆ ಎಂದು ಬೇಲಿಯಾಚೆಯ ಹುಣಸೆಮರದ ಕೆಳಗೆ ಹೋಗಿ, ಗಂಟು ಬಿಚ್ಚಿ, ರಾಗಿರೊಟ್ಟಿ ಹುಚ್ಚೆಳ್ಳು ಪುಡಿ ತಿಂದರು. ಕಾಫಿ ಕಾಸಿಕೊಟ್ಟರೆ ಅದೂ ಬೇಡ. ತಾವು ಹೋದ ಮನೆಯಲ್ಲಿ ಬಾವಿಯ ನೀರು ಬಿಟ್ಟು ಒಂದು ತೊಟ್ಟೂ ಒಂದು ತುತ್ತೂ ಮುಟ್ಟುವುದಿಲ್ಲ ಎಂದು ತಮ್ಮೊಳಗೆ ಒಂದು ಕಟ್ಟು ಮಾಡಿಕೊಂಡಿದ್ದರಂತೆ.

ನನಗೆ ನೆತ್ತಿಗೇರಿತು. ನಮ್ಮ ಕಡೆ ಹೊಟ್ಟೆ ಹಸಿದವನಿಗೆ ಇಕ್ಕದೆ ಕಳಿಸಿದರೆ ಮನೆಗೇ ಕೇಡು ಎನ್ನುತ್ತಾರೆ. ನಮ್ಮತ್ತೆ ಬಡತನ ಕಂಡವರು, ಆದರೆ ಜಂಗಮರಿಗೆ ನೀಡದೆ ತಾವು ಉಂಡದ್ದನ್ನು ನಾನು ನೋಡಿಲ್ಲ. ಅಂಥವರ ಮುಖಕ್ಕೆ ಬೇಡ ಎನ್ನುವುದೇ? ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಹುಣಸೆಮರದ ಹತ್ತಿರ ಹೋದೆ. 'ನಮ್ ಸೂರು ಬಿದ್ದೈತೆ ಕಣ್ರೀ, ಒಲೆ ಬಿದ್ದಿಲ್ಲ. ನೆಲಕ್ಕೆ ಬಿದ್ದು ಕೊಳೆಯೋ ಎಳನೀರೂ ನಿಮ್ ಬಾಯಿಗೆ ಕಹಿಯಾಯ್ತಾ?' ಎಂದೆ. ಇನ್ನೂ ಏನೇನೋ ಅಂದೆ, ನೆನಪಿದೆ, ಬರೆಯುವುದಿಲ್ಲ. ಮೇಸ್ತ್ರಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು. ಬೈಸಿಕೊಂಡು ಅಭ್ಯಾಸವಿದ್ದವರ ಮುಖ ಅದು.

ಸಂಜೆ ಅವರು ಮಲಗಲು ಊರಮುಂದಿನ ಗುಡಿಯ ಜಗಲಿಗೆ ಹೋದರು. ನನ್ನ ಕೋಪ ಅತ್ತೆಯ ಮೇಲೆ ತಿರುಗಿತು. ನೀವು ಗಟ್ಟಿಯಾಗಿ ಹೇಳದೆ ಹೋದದ್ದಕ್ಕೆ ಅವರು ನಮ್ಮನ್ನು ತಿರುಪೆಯವರ ಹಾಗೆ ಕಂಡರು ಎಂದೆ. ನಾಳೆಯೂ ಅವರು ಉಣ್ಣದೆ ಹೋದರೆ ಆ ಸೂರಿನ ಕೆಳಗೆ ನಾನು ಕಾಲಿಡುವುದಿಲ್ಲ, ಕೊಟ್ಟಿಗೆಯಲ್ಲೇ ಹೆರುತ್ತೇನೆ ಎಂದೂ ಅಂದೆ. ನಮ್ಮ ಮನೆಯವರು ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಅತ್ತೆ ಮಾತಾಡಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನೆ ಕೂತದ್ದು ನನಗೆ ಆಗ ವಿಚಿತ್ರವೆನ್ನಿಸಲಿಲ್ಲ, ಗೆದ್ದೆ ಎನ್ನಿಸಿತು.

ಬೆಳಗಿನ ಜಾವ ಬೀಸುಕಲ್ಲಿನ ಸದ್ದಿಗೆ ಎಚ್ಚರವಾಯಿತು. ಅತ್ತೆ ಬೀಸುತ್ತಿದ್ದರು. ಎಲ್ಲಿಂದ ರಾಗಿ ಎಂದು ನಾನು ಕೇಳಲಿಲ್ಲ. ಯಾರ ಮನೆಯಿಂದಲೋ ಕೇಳಿ ತಂದಿರಬೇಕು, ನನ್ನ ಮಾತು ನಾಟಿತು ಅಂತ ಮಗ್ಗುಲು ತಿರುಗಿಸಿ ಮಲಗಿದೆ. ಈ ಒಂದು ಮಗ್ಗುಲು ತಿರುಗಿಸಿದ್ದಕ್ಕೆ ನಾನು ನನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ.

ಹೊತ್ತು ಏರುವಷ್ಟರಲ್ಲಿ ಒಂಬತ್ತು ಜನವೂ ಬಂದರು. ಅತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮುರಿದ ಮನೆಯ ಹೊಸಿಲ ಮೇಲೆ ಕೂತಿದ್ದರು. ಒಳಗೆ ಹೋಗಬೇಕಾದರೆ ಅವರನ್ನು ದಾಟಿಕೊಂಡೇ ಹೋಗಬೇಕು. ಮೊದಲು ಊಟಕ್ಕೆ ಒಪ್ಪಿಕೊಳ್ಳಿ, ಆಮೇಲೆ ಉಳಿ ಹಿಡಿಯಿರಿ ಎಂದರು. ಮೇಸ್ತ್ರಿ ಕೈಮುಗಿದು, ಆಗುವುದಿಲ್ಲ ಎಂದರು.

'ಹಂಗಾರೆ ಕೆಲಸಾನೂ ಬ್ಯಾಡ. ಉಪಾಸ ಇದ್ದೋರು ಹೊದಿಸಿದ ಸೂರಿನ ಕೆಳಗೆ ನನ್ ಸೊಸೆ ಬಾಣಂತಿಯಾಗಿ ಮಲಗೋ ಹಂಗಿಲ್ಲ. ಆ ಕೂಸಿಗೆ ಒಳ್ಳೇದಾಗಕಿಲ್ಲ' ಎಂದರು ಅತ್ತೆ.

ಅವರು ಉಪವಾಸವೇನೂ ಇರಲಿಲ್ಲ, ರೊಟ್ಟಿ ಗಂಟು ಅಲ್ಲೇ ಇತ್ತು. ಆದರೆ ನಮ್ಮತ್ತೆಯ ಲೆಕ್ಕದಲ್ಲಿ ತಾವು ಇಕ್ಕದ ಊಟ ಊಟವಲ್ಲ. ತೊಲೆಗಳು ಅಂಗಳದಲ್ಲಿ ಬಿದ್ದಿದ್ದವು. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಒಂಬತ್ತು ಜನ ನಿಂತಿದ್ದರು, ಒಬ್ಬ ಮುದುಕಿ ಕೂತಿದ್ದರು. ನಾನು ಹಚ್ಚಿದ ಬೆಂಕಿ ಅದು, ಈಗ ನನಗೇ ಭಯವಾಯಿತು. ಇವರು ಹೊರಟು ಹೋಗಿಬಿಟ್ಟರೆ? ಬೇರೆ ಎಷ್ಟೋ ಮನೆ ಬಿದ್ದಿವೆ, ಬಾ ಎಂದು ಕೈಹಿಡಿದು ಎಳೆಯುವವರು ಇದ್ದಾರೆ. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ಉಣ್ಣದಿದ್ದರೆ ಬಿಡಲಿ ಅತ್ತೆ, ಏಳಿ ಎಂದು ಹೇಳಬೇಕು ಅಂತ ಬಾಯಿತನಕ ಬಂತು. ನಿನ್ನೆ ಆಡಿದ ಮಾತು ಅಡ್ಡ ನಿಂತಿತು.

ಮೇಸ್ತ್ರಿ ಏನು ಮಾಡುವುದೆಂದು ತಿಳಿಯದೆ ಅತ್ತ ಇತ್ತ ನೋಡುತ್ತಿದ್ದವರು, ಕೊಟ್ಟಿಗೆಯ ಬಾಗಿಲ ಕಡೆ ನೋಡಿ ಹಾಗೇ ನಿಂತರು. ಆಮೇಲೆ ಹೋಗಿ ಬಗ್ಗಿ ಏನೋ ಎತ್ತಿಕೊಂಡರು. ಒಣಗಿದ ಸಗಣಿಯ ಬಿಲ್ಲೆ, ಎರಡು ಹೋಳು. ಅದರ ಒಳಮೈಗೆ ಬೂದಿ ಅಂಟಿತ್ತು. ಬೀಸುಕಲ್ಲಿನ ಪಕ್ಕ ಮೊರದ ತುಂಬ ಹಿಟ್ಟು, ಅದರ ಹಿಂದೆ ಬಾಯಿ ತೆರೆದ ಗಡಿಗೆ. ಅವರು ಗಡಿಗೆಯೊಳಗೆ ಕೈಹಾಕಿದರು. ತಳದಲ್ಲಿ ಉಳಿದಿದ್ದನ್ನು ಬೊಗಸೆಯಲ್ಲಿ ಎತ್ತಿ ನೋಡಿ ಮತ್ತೆ ಒಳಗೆ ಬಿಟ್ಟರು. ನನಗೆ ಆಗ ತಿಳಿಯಿತು.

ಅವರು ಬಂದು ಅತ್ತೆಯ ಎದುರು ನೆಲದ ಮೇಲೆ ಕೂತರು. ಆ ಬಿಲ್ಲೆಯ ಹೋಳುಗಳನ್ನು ಹೊಸಿಲ ಮೇಲೆ ಇಟ್ಟರು. ಮೆಲ್ಲಗೆ ಹೇಳಿದರು. ಕೆಲವು ವರ್ಷದ ಹಿಂದೆ ಅವರೂರ ಕೆರೆ ಏರಿ ಒಡೆದು ಊರು ಕೊಚ್ಚಿಹೋಯಿತಂತೆ. ಸಹಾಯಕ್ಕೆ ಎಲ್ಲೆಲ್ಲಿಂದಲೋ ಜನ ಬಂದರಂತೆ, ಒಳ್ಳೆಯ ಜನ. ಗೋಡೆ ಎತ್ತಿದರು, ಸೂರು ಹೊದಿಸಿದರು. ಅವರ ತಾಯಿ ದಿನವೂ ಅವರಿಗೆಲ್ಲ ಬಿಸಿಮುದ್ದೆ ಇಕ್ಕಿದಳು. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಬಿತ್ತನೆಯ ಹದ ಮಳೆ ಬಂದಾಗ ಗಡಿಗೆ ಬರಿದಾಗಿತ್ತು. ಊರಲ್ಲೆಲ್ಲ ಅದೇ ಪಾಡು, ಯಾರನ್ನು ಕೇಳುವುದು? ಈ ವರ್ಷ ಹೊಲ ಬೀಳು ಬಿಡುತ್ತೇವೆ, ನೆಲಕ್ಕೂ ಸುಸ್ತು ಆರಬೇಕಲ್ಲ ಎಂದು ತಾಯಿ ಊರಿಗೆಲ್ಲ ಹೇಳಿಕೊಂಡು ತಿರುಗಿದಳಂತೆ.

'ಬಂದೋರ್ದು ತಪ್ಪಿಲ್ಲ ಕಣವ್ವ, ಅವ್ರಿಗೆ ಗೊತ್ತಿರ್ಲಿಲ್ಲ' ಎಂದರು ಮೇಸ್ತ್ರಿ. 'ನಂಗೂ ಗೊತ್ತಿರ್ಲಿಲ್ಲ. ಅವ್ರ ಸಾಲಲ್ಲೇ ಕೂತು ನಾನೂ ಉಂಡೆ, ಇನ್ನೊಂದು ಮುದ್ದೆ ಹಾಕವ್ವ ಅಂತ ಕೇಳಿ ಹಾಕಿಸ್ಕೊಂಡೆ. ಅದಕ್ಕೇ ಈ ಕಟ್ಟು.'

ಅತ್ತೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಗಂಡ ಸತ್ತಾಗಲೂ ಹೊಲ ಬೀಳು ಬಿಡದೆ ತಾವೇ ಕೂರಿಗೆ ಹಿಡಿದ ಹೆಂಗಸು ಎಂದು ಊರವರು ಅವರ ಬಗ್ಗೆ ಹೇಳುತ್ತಿದ್ದರು. ಅಂಥವರು ಗಡಿಗೆಯ ಬಾಯಿ ಒಡೆದದ್ದು ನನ್ನ ಒಂದು ಮಾತಿಗೆ. ನಾನು ಅಳಲು ಶುರುಮಾಡಿದೆ, ತಪ್ಪಾಯ್ತು ಅತ್ತೆ ಎಂದೆ. ಅವರು ನನ್ನ ಕಡೆ ತಿರುಗಿ, 'ಬಸುರಿ ಅಳಬಾರ್ದು, ಸುಮ್ಕಿರು' ಎಂದು ಗದರಿದರು. ಆಮೇಲೆ ಮೇಸ್ತ್ರಿಗೆ, ಎಲ್ಲ ಸರಿ ಕಣಪ್ಪ, ಆದರೆ ಒಂದು ತುತ್ತೂ ಇಕ್ಕದೆ ನಿಮ್ಮನ್ನು ದುಡಿಸಿಕೊಂಡು ನಾನು ಹೆಂಗೆ ಮುಖ ಎತ್ತಿಕೊಂಡು ತಿರುಗಲಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಹಟ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಮೇಸ್ತ್ರಿ ಎದ್ದು ಹೋಗಿ ಒಂಬತ್ತು ಗಂಟುಗಳನ್ನೂ ತಂದು ಅತ್ತೆಯ ಮಡಿಲ ಮುಂದೆ ಇಟ್ಟರು.

'ಕೂಳು ನಮ್ದು, ಕೈ ನಿಮ್ದು. ನೀವೇ ಇಕ್ಕಿ, ಉಣ್ತೀವಿ' ಎಂದರು.

ಮಧ್ಯಾಹ್ನ ಅಂಗಳದಲ್ಲಿ ಮುತ್ತುಗದ ಎಲೆ ಹಾಕಿ ಒಂಬತ್ತು ಜನರನ್ನೂ ಸಾಲಾಗಿ ಕೂರಿಸಿದೆವು. ಅತ್ತೆ ಅವರದೇ ರೊಟ್ಟಿಯನ್ನು ಅವರಿಗೇ ಬಡಿಸಿದರು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಿದರು, ಸಂಕೋಚ ಪಟ್ಟುಕೊಂಡರೆ ಬೈದರು. ಅವರು ತಂದ ರೊಟ್ಟಿ ಅವರಿಗೇ ಸಾಲದೆ ಹೋದೀತು ಎಂದು ಒಬ್ಬರಿಗೆ ಕಡಿಮೆ ಹಾಕಿ ಇನ್ನೊಬ್ಬರಿಗೆ ಹೆಚ್ಚು ಹಾಕಿ ಸರಿದೂಗಿಸಿದರು. ನಾನು ನೀರು ಬಡಿಸಿದೆ. ಮೇಸ್ತ್ರಿಯ ಮುಂದೆ ಬಂದಾಗ, ನಿನ್ನೆ ಆಡಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ ಎಂದೆ. ಈ ಮನೆ ಒಲೆ ಗಟ್ಟಿ ಅಂತ ಆಗಲೇ ಗೊತ್ತಾಯ್ತು ಕಣವ್ವ ಎಂದು ಅವರು ನಕ್ಕರು. ಬೀಸಿದ ಹಿಟ್ಟನ್ನು ಏನು ಮಾಡುವುದು ಎಂದು ಅತ್ತೆ ಕೇಳಿದಾಗ, ಅದು ಹೊಟ್ಟೆಯಲ್ಲಿರುವ ಕೂಸಿನದು, ಅದಕ್ಕೆ ಯಾರೂ ಕೈಹಾಕಬಾರದು ಎಂದರು.

ಐದು ದಿನ ಕೆಲಸ ನಡೆಯಿತು. ತೊಲೆ ಕೂತಿತು, ಜಂತಿ ಹರಡಿತು. ಒಡೆಯದೆ ಉಳಿದ ಹೆಂಚನ್ನೆಲ್ಲ ಒಟ್ಟುಮಾಡಿ ಸುಣ್ಣ ಬಳಿದ ಕೋಣೆಯ ಮೇಲೆ ಹೊದಿಸಿದರು. ಉಳಿದ ಮನೆಗೆ ಆ ವರ್ಷಕ್ಕೆ ಹೆಣೆದ ತೆಂಗಿನ ಗರಿ. ಗರಿ ಹೆಣೆಯುವುದು ಮಾತ್ರ ನನಗೂ ಬರುತ್ತಿತ್ತು, ಕೂತಲ್ಲೇ ನಾನೂ ಹೆಣೆದೆ. ಕೊನೆಯ ದಿನ ಮೇಸ್ತ್ರಿ ಆ ಕೋಣೆಯೊಳಗೆ ನಿಂತು, ನಮ್ಮ ಮನೆಯವರ ಕೈಲಿ ಸೂರಿನ ಮೇಲೆ ನಾಲ್ಕು ಕೊಡ ನೀರು ಹುಯ್ಯಿಸಿದರು. ಒಂದು ಹನಿ ಒಳಗೆ ಬೀಳಲಿಲ್ಲ. ನಾನು ಆ ಬಾಗಿಲಲ್ಲಿ ನಿಂತು ಮೇಲೆ ನೋಡಿದೆ, ಹೆಂಚು ಕಂಡಿತು, ಆಕಾಶ ಕಾಣಲಿಲ್ಲ. ಅವ್ವ ಹೋದ ಮೇಲೆ ಅಷ್ಟು ನೆಮ್ಮದಿ ನನಗೆ ಆಗಿದ್ದು ಅವತ್ತೇ.

ಅವರು ಹೋದ ಎರಡು ವಾರಕ್ಕೆ ಮೇಸ್ತ್ರಿ ಒಬ್ಬರೇ ಮತ್ತೆ ಬಂದರು. ಜಂತಿ ಬಗ್ಗಿದೆಯೇನೋ ನೋಡಲು ಬಂದೆ ಎಂದರು, ಅದು ನೆಪ. ಕೈಯಲ್ಲಿ ಒಂದು ಗಂಟು. ಒಂಬತ್ತು ಮನೆಯಿಂದ ಒಂದೊಂದು ಪಾವು ಬಿತ್ತನೆ ರಾಗಿ. ಅತ್ತೆ ಬೇಡವೇ ಬೇಡ ಎಂದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. 'ಮುಟ್ಟಬಾರ್ದು ಅಂತ ಕಟ್ಟು ಇರೋದು ನಮ್ಗೆ ಕಣವ್ವ, ನಿಮ್ಗಲ್ಲ' ಎಂದು ಮೇಸ್ತ್ರಿ ತಾವೇ ಹೋಗಿ ಗಡಿಗೆಗೆ ಸುರಿದರು. ಅತ್ತೆ ಆ ಹೊತ್ತೇ ಹಸಿ ಸಗಣಿ ತಂದು ಅದರ ಬಾಯಿ ಮುಚ್ಚಿದರು.

ಆರಿದ್ರಾ ಮಳೆಯಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ದಿನ ಜಡಿಮಳೆ. ಕೋಣೆಯಲ್ಲಿ ಅಗ್ಗಿಷ್ಟಿಕೆ ಹೊಗೆಯಾಡುತ್ತಿತ್ತು, ಹೆಂಚಿನ ಮೇಲೆ ಮಳೆ ಸದ್ದು, ಕೆಳಗೆ ಕೂಸು ಬೆಚ್ಚಗೆ ಮಲಗಿತ್ತು. ನನಗೆ ಬಾಣಂತನ ಮಾಡಿದ ಹಾಗೆ ನಮ್ಮತ್ತೆ ತಮ್ಮ ಹೊಟ್ಟೆಯ ಮಗಳಿದ್ದಿದ್ದರೂ ಮಾಡುತ್ತಿರಲಿಲ್ಲ. ಆ ಹಿಟ್ಟಿನ ಮುದ್ದೆ ತಿಂದೇ ಈ ಕೂಸು ಬೆಳೆದದ್ದು, ಬಿತ್ತನೆ ರಾಗಿ ಉಂಡು ಹುಟ್ಟಿದವಳಿಗೆ ಈ ಪಾಟಿ ಹಟ ಇರದೆ ಇರುತ್ತದೆಯೇ ಎಂದು ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು.

ಆ ವರ್ಷ ನಮ್ಮ ರಾಗಿ ಹೊಲ ನೋಡಿ ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಒಂಬತ್ತು ಮನೆಯ ಬೀಜ, ಒಂಬತ್ತು ಥರದ ತೆನೆ. ಒಂದು ಮುಷ್ಟಿ ಕಟ್ಟಿದ ಹಾಗೆ ಮುದುಡಿದ್ದು, ಇನ್ನೊಂದು ಬೆರಳು ಬಿಡಿಸಿದ ಹಾಗೆ ಅರಳಿದ್ದು; ಒಂದು ಮೊಣಕಾಲುದ್ದ, ಒಂದು ಸೊಂಟದುದ್ದ. ಒಟ್ಟಿಗೆ ಹಣ್ಣಾಗದೆ ಎರಡೆರಡು ಸಲ ಕೊಯ್ಯಬೇಕಾಯಿತು. ಅತ್ತೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬದುವಿನ ಮೇಲೆ ನಿಂತು, ಇದು ಮೇಸ್ತ್ರಿ ಮನೇದು, ಇದು ಆ ಎತ್ತರದವನ ಮನೇದು ಎಂದು ಕೂಸಿಗೆ ತೋರಿಸುತ್ತಿದ್ದರು. ಅವರಿಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಮಗಳು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಒಂದು ಬೇಸಿಗೆಯ ಕೊನೆಯಲ್ಲಿ, ಕೆಂಕೆರೆಯ ಕಡೆಯ ಒಂದು ಹಳ್ಳಿಗೆ ಅಂಥದೇ ಗಾಳಿ ಹೊಡೆಯಿತೆಂದು ಸುದ್ದಿ ಬಂತು. ನಮ್ಮೂರಿಂದ ಆರು ಜನ ಹೊರಟೆವು. ಗಂಡಸರು ಮರ ಎತ್ತಲು, ನಾನು ಗರಿ ಹೆಣೆಯಲು. ಅತ್ತೆಗೆ ಆಗ ಎಪ್ಪತ್ತು ದಾಟಿತ್ತು, ಬೇಡ ಎಂದರೂ ಕೇಳಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ತಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಗಂಟು ಕಟ್ಟಿ, ಎಲ್ಲರಿಗಿಂತ ಮೊದಲು ಬಸ್ಸಿನ ಹತ್ತಿರ ನಿಂತಿದ್ದರು. ನೀವು ಅಲ್ಲಿ ಮಾಡುವ ಕೆಲಸವಾದರೂ ಏನು ಎಂದು ನಾನು ದಾರಿಯುದ್ದಕ್ಕೂ ರೇಗಿದೆ.

ಆ ಊರಲ್ಲಿ ನಮಗೆ ತೋರಿಸಿದ ಮನೆಯಲ್ಲಿ ನನ್ನಷ್ಟೇ ಬಾಯಿಯ ಒಬ್ಬ ಹೆಂಗಸು. ಎರಡು ಮಕ್ಕಳು ಸೊಂಟಕ್ಕೆ ಜೋತುಬಿದ್ದಿದ್ದವು, ಗಂಡ ತಲೆಗೆ ಏಟು ಬಿದ್ದು ಮಲಗಿದ್ದ. ಕಾಫಿ ಬೇಡ ಎಂದದ್ದೇ ತಡ, ಶುರುಮಾಡಿದಳು: ನಮ್ಮನ್ನೇನು ತಿರುಪೆಯವರು ಅಂದುಕೊಂಡಿರೇನು, ಉಣ್ಣದಿದ್ದರೆ ನಮ್ಮ ಗೋಡೆ ಮುಟ್ಟಬೇಡಿ, ನಡೆಯಿರಿ ಅಂತ. ಕೇಳಿ ನನಗೆ ನಗು ಬಂತು, ಅಳುವೂ ಬಂತು. ಏನು ಹೇಳಲಿ ಎಂದು ಅತ್ತೆಯನ್ನು ನೋಡಿದರೆ ಅವರು ನನ್ನ ಪಕ್ಕದಲ್ಲಿ ಇರಲಿಲ್ಲ.

ಮನೆಯ ಒಳಗೆ ಇದ್ದರು. ಬಿದ್ದ ಸೂರನ್ನಾಗಲಿ ಗೋಡೆಯನ್ನಾಗಲಿ ಅವರು ನೋಡಿರಲಿಲ್ಲ. ನೇರವಾಗಿ ಹೋಗಿ, ಕತ್ತಲೆ ಮೂಲೆಯಲ್ಲಿ ತಡಕಾಡಿ, ಸಗಣಿಯ ಬಿಲ್ಲೆ ಮೆತ್ತಿದ ಗಡಿಗೆಯೊಂದನ್ನು ಹುಡುಕಿಕೊಂಡು, ಅದಕ್ಕೆ ಬೆನ್ನುಕೊಟ್ಟು ಕಾಲು ಚಾಚಿ ಕೂತುಬಿಟ್ಟಿದ್ದರು. ಆ ಹೆಂಗಸು ಅವರ ಮುಂದೆ ಹೋಗಿ ನಿಂತಳು.

'ಬೈಯಮ್ಮ, ಎಷ್ಟಾರ ಬೈಯಿ. ನಾವು ಹೋಗಾತಂಕ ಈ ಗಡಿಗೆ ಮುಟ್ಟಾಕೆ ಮಾತ್ರ ನಾ ಬುಡಕಿಲ್ಲ' ಎಂದರು ಅತ್ತೆ.

ನೋಡನೋಡುತ್ತಾ ಅವಳ ಕಣ್ಣು ತುಂಬಿತು. ಹಿಂದಿನ ರಾತ್ರಿ ಅವಳೂ ಆ ಗಡಿಗೆಯನ್ನೇ ನೋಡುತ್ತಾ ಕೂತಿದ್ದಳೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ನಮ್ಮ ಆರೂ ಗಂಟನ್ನು ತಂದು ಅವಳ ಕೈಗೆ ಕೊಟ್ಟೆ. ಕೂಳು ನಮ್ಮದು, ಕೈ ನಿನ್ನದು ಎಂದೆ. ಮಧ್ಯಾಹ್ನ ಅವಳು ಎಲೆ ಹಾಕಿ, ಮೊದಲ ರೊಟ್ಟಿಯನ್ನು ತಂದು ಮೂಲೆಯಲ್ಲಿ ಕೂತಿದ್ದ ನಮ್ಮತ್ತೆಗೆ ಬಡಿಸಿದಳು. ಅತ್ತೆ ಅಲ್ಲಿಂದ ಏಳಲಿಲ್ಲ, ಗಡಿಗೆಗೆ ಒರಗಿಕೊಂಡೇ ಉಂಡರು.